ಮನೆಯ ಈಜುಕೊಳದ ಸುತ್ತ ಬೆಳಕು: ಬಳ್ಳಾರಿ, ರಾಯಚೂರು, ಕೊಪ್ಪಳದ ಮನೆಗಳಿಗೆ ಯಾವ ದೀಪ, ಯಾವ ವಿದ್ಯುತ್ತು?

ಬಳ್ಳಾರಿ, ರಾಯಚೂರು, ಕೊಪ್ಪಳ ಜಿಲ್ಲೆಗಳಲ್ಲಿ ಮನೆಯ ಅಂಗಳದಲ್ಲೋ ತೋಟದ ಮನೆಯಲ್ಲೋ ಈಜುಕೊಳ ಕಟ್ಟಿಸಿಕೊಂಡವರು ಅದನ್ನು ಹೆಚ್ಚಾಗಿ ಬಳಸುವುದು ಸೂರ್ಯ ಮುಳುಗಿದ ಮೇಲೆಯೇ. ಏಪ್ರಿಲ್, ಮೇ ತಿಂಗಳುಗಳಲ್ಲಿ ಹಗಲಿನ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ದಾಟುವ ಈ ಸೀಮೆಯಲ್ಲಿ ಮಧ್ಯಾಹ್ನದ ಹೊತ್ತು ಕೊಳದ ದಡದ ಫರಸಿಯ ಮೇಲೆ ಬರಿಗಾಲಿಡುವುದೇ ಕಷ್ಟ. ಮಕ್ಕಳು ನೀರಿಗಿಳಿಯುವುದು ಸಂಜೆ ಏಳರ ಬಳಿಕ, ದೊಡ್ಡವರು ರಾತ್ರಿಯೂಟಕ್ಕೆ ಮುಂಚೆ. ಹೀಗಿರುವಾಗ ಕೊಳದ ಬೆಳಕನ್ನು ಮನೆ ಪೂರ್ತಿಯಾದ ಮೇಲೆ ಉಳಿದ ದುಡ್ಡಿನಲ್ಲಿ ಸೇರಿಸುವ ಅಲಂಕಾರವೆಂದು ಎಣಿಸಲಾಗದು. ನೀರಿನ ತಳ ಕಾಣಬೇಕು, ಅಂಚು ಕಾಣಬೇಕು, ಒದ್ದೆ ಮೆಟ್ಟಿಲು ಕಾಣಬೇಕು, ಇವೆಲ್ಲವನ್ನೂ ಬೆಳಗುವ ವಿದ್ಯುತ್ತು ಒದ್ದೆ ಮೈಯ ಮನುಷ್ಯನನ್ನು ಮುಟ್ಟದಂತಿರಬೇಕು. ದೀಪ ಎಷ್ಟು ಪ್ರಖರ ಎಂಬುದರಿಂದ ಆಯ್ಕೆಯನ್ನು ಆರಂಭಿಸದೆ, ಅದು ನೀರಿನಿಂದ ಎಷ್ಟು ದೂರದಲ್ಲಿದೆ ಎಂಬುದರಿಂದ ಆರಂಭಿಸಿದರೆ ಉಳಿದ ನಿರ್ಧಾರಗಳು ಬಹುಮಟ್ಟಿಗೆ ಸುಲಭವಾಗುತ್ತವೆ ಎಂಬುದು ನನ್ನ ನಿಲುವು. ಈ ಬರಹದ ಹೋಲಿಕೆಗಳೆಲ್ಲ ಆ ನಿಲುವಿನ ಮೇಲೆಯೇ ನಿಂತಿವೆ.

ಮೊದಲು ಅಳೆಯಬೇಕಾದದ್ದು ದೂರ

ಅಂಗಡಿಗೆ ಹೋಗಿ ದೀಪ ನೋಡುವ ಮುನ್ನ ಒಂದು ಟೇಪು ಹಿಡಿದು ಕೊಳದ ಅಂಚಿನಿಂದ ಹೊರಕ್ಕೆ ಎರಡು ಗೆರೆಗಳನ್ನು ಸುಣ್ಣದಲ್ಲಿ ಗುರುತಿಸಿಕೊಳ್ಳಿ: 2 ಮೀಟರಿಗೆ ಒಂದು, 3.5 ಮೀಟರಿಗೆ ಇನ್ನೊಂದು. ಈಜುಕೊಳಗಳ ವಿದ್ಯುತ್ ಜೋಡಣೆಗೆ ಸಂಬಂಧಿಸಿದ ಅಂತರರಾಷ್ಟ್ರೀಯ ಮಾನಕವಾದ ಐಇಸಿ 60364ರ 702ನೇ ಭಾಗವು ಇದೇ ಲೆಕ್ಕದಲ್ಲಿ ಮೂರು ವಲಯಗಳನ್ನು ಹೇಳುತ್ತದೆ. ನೀರಿನ ಒಳಭಾಗ ಸೊನ್ನೆಯ ವಲಯ. ಅಂಚಿನಿಂದ 2 ಮೀಟರ್ ಹೊರಕ್ಕೂ ನೆಲದಿಂದ 2.5 ಮೀಟರ್ ಎತ್ತರಕ್ಕೂ ಹಬ್ಬಿರುವುದು ಒಂದನೆಯ ವಲಯ, ಅದರಾಚೆಗಿನ 1.5 ಮೀಟರ್ ಎರಡನೆಯ ವಲಯ. ನೀರಿನೊಳಗಿನ ದೀಪಕ್ಕೆ 12 ವೋಲ್ಟ್ ಎಸಿ ಅಥವಾ 30 ವೋಲ್ಟ್ ಡಿಸಿಗಿಂತ ಹೆಚ್ಚಿನ ಒತ್ತಡ ಕೊಡುವಂತಿಲ್ಲ, ಅದನ್ನು ಒದಗಿಸುವ ಟ್ರಾನ್ಸ್‌ಫಾರ್ಮರ್ ಈ ವಲಯಗಳ ಹೊರಗಿರಬೇಕು. ಒಂದನೆಯ ವಲಯದಲ್ಲಿಯೂ ಅದೇ ಬಗೆಯ ಕಡಿಮೆ ವೋಲ್ಟೇಜಿನ ದೀಪಗಳೇ ಇರಬೇಕು. ಮನೆಯ ಮಾಮೂಲಿ 230 ವೋಲ್ಟಿನ ದೀಪಕ್ಕೆ ಜಾಗ ಸಿಗುವುದು ಎರಡನೆಯ ವಲಯದಲ್ಲಿ ಮತ್ತು ಅದರಾಚೆಗೆ. ಎರಡನೆಯ ವಲಯದಲ್ಲಿ ಅದೂ 30 ಮಿಲಿ ಆಂಪಿಯರಿನ ಆರ್‌ಸಿಸಿಬಿಯ, ಅಂದರೆ ಕರೆಂಟು ಸೋರಿದರೆ ಪೂರೈಕೆ ಕಡಿಯುವ ಸ್ವಿಚ್ಚಿನ, ಕಾವಲಿನಲ್ಲಿ ಮಾತ್ರ.

ಇಲ್ಲಿ ಎರಡು ವಿಷಯಗಳನ್ನು ಒತ್ತಿ ಹೇಳಬೇಕು. ಮೊದಲನೆಯದು, ಎಂಸಿಬಿ ಇದೆಯೆಂದು ನೆಮ್ಮದಿಯಾಗಿರುವುದು ಸಲ್ಲ. ಎಂಸಿಬಿ ಬೀಳುವುದು ಹೆಚ್ಚು ಲೋಡ್ ಆದಾಗ ಅಥವಾ ಶಾರ್ಟ್ ಆದಾಗ. ಮನುಷ್ಯನ ಮೈಯ ಮೂಲಕ ನೆಲಕ್ಕೆ ಹರಿಯುವ ಅಲ್ಪ ಪ್ರಮಾಣದ ಕರೆಂಟು ಅದಕ್ಕೆ ಗೊತ್ತೇ ಆಗುವುದಿಲ್ಲ. ಆ ಸೋರಿಕೆಯನ್ನು ಗುರುತಿಸಿ ಕ್ಷಣದೊಳಗೆ ಕಡಿದುಹಾಕುವುದು ಆರ್‌ಸಿಸಿಬಿ, ಹಾಗಾಗಿ ಕೊಳದ ದೀಪಗಳಿಗೂ ಪಂಪಿಗೂ ಬೇರೆ ಬೇರೆ ಆರ್‌ಸಿಸಿಬಿ ಇಡುವುದು ಒಳ್ಳೆಯದು. ಪಂಪಿನ ದೋಷದಿಂದ ರಾತ್ರಿ ದೀಪಗಳೆಲ್ಲ ಆರಿ, ನೀರಿನಲ್ಲಿದ್ದವರು ಕತ್ತಲಲ್ಲಿ ಸಿಕ್ಕಿಕೊಳ್ಳಬಾರದು. ಎರಡನೆಯದು, ತಂತಿಯ ತುದಿಯಲ್ಲಿ 12 ವೋಲ್ಟ್ ಬಂದರೆ ಸಾಕೆಂಬ ತಿಳಿವಳಿಕೆ ಅಪಾಯಕಾರಿ. ಎಲ್‌ಇಡಿ ಪಟ್ಟಿಗಳ ಜೊತೆ ಸಿಗುವ ಅಗ್ಗದ ಅಡಾಪ್ಟರುಗಳಲ್ಲಿ ಒಳಬರುವ 230 ವೋಲ್ಟಿಗೂ ಹೊರಹೋಗುವ 12 ವೋಲ್ಟಿಗೂ ನಡುವಿನ ತಡೆ ಎಷ್ಟು ಗಟ್ಟಿ ಎಂಬುದಕ್ಕೆ ಭರವಸೆ ಇರುವುದಿಲ್ಲ. ಸ್ಟೆಬಿಲೈಜರುಗಳಲ್ಲಿ ಸಾಮಾನ್ಯವಾಗಿರುವ ಆಟೋ ಟ್ರಾನ್ಸ್‌ಫಾರ್ಮರಿನಲ್ಲಂತೂ ಅಂಥ ತಡೆಯೇ ಇಲ್ಲ; ಒಳಗಿನ ಹಾಗೂ ಹೊರಗಿನ ಸುರುಳಿ ಒಂದೇ ತಂತಿಯದು. ಕೊಳಕ್ಕೆ ಬೇಕಾದದ್ದು ಐಇಸಿ 61558 ಮಾನಕಕ್ಕೆ ಹೊಂದುವ ಸುರಕ್ಷತಾ ಐಸೊಲೇಷನ್ ಟ್ರಾನ್ಸ್‌ಫಾರ್ಮರ್. ಖರೀದಿಸುವಾಗ ಅದರ ಫಲಕದ ಮೇಲೆ ಈ ಸಂಖ್ಯೆಯನ್ನು ಓದಿ ನೋಡಿ, ಇಲ್ಲದಿದ್ದರೆ ಬೇಡವೆನ್ನಿ. ಉಳಿತಾಯ ಮಾಡಲು ಇಡೀ ಕೆಲಸದಲ್ಲಿ ಬೇರೆ ಜಾಗಗಳು ಬೇಕಾದಷ್ಟಿವೆ.

ನೀರಿನೊಳಗಿನ ದೀಪವೋ, ಮೇಲಿನಿಂದ ಬೀಳುವ ಬೆಳಕೋ?

ಹೆಚ್ಚಿನ ಮನೆಗಳಲ್ಲಿ ಮೊದಲು ಹೊಳೆಯುವ ಉಪಾಯ ಕಾಂಪೌಂಡ್ ಗೋಡೆಯ ಮೇಲೋ ಮಹಡಿಯ ಅಂಚಿನಲ್ಲೋ 50 ಅಥವಾ 100 ವ್ಯಾಟಿನ ಎರಡು ಫೋಕಸ್ ಲೈಟ್ ಹಾಕಿಸುವುದು. ಇದರ ಅನುಕೂಲಗಳನ್ನು ಅಲ್ಲಗಳೆಯಲಾಗದು: ನೀರಿನಿಂದ ದೂರವಿರುವುದರಿಂದ ವಿದ್ಯುತ್ತಿನ ಅಪಾಯ ಕಡಿಮೆ, ಮಾಮೂಲಿ ವೈರಿಂಗ್ ಸಾಕು, ಕೆಟ್ಟರೆ ಏಣಿ ಹಾಕಿ ಬದಲಾಯಿಸಬಹುದು, ಇಡೀ ಅಂಗಳ ಒಮ್ಮೆಗೇ ಬೆಳಗುತ್ತದೆ. ಆದರೆ ಕೊಳದ ಬೆಳಕು ಮಾಡಬೇಕಾದ ಮುಖ್ಯ ಕೆಲಸವನ್ನು, ಅಂದರೆ ನೀರಿನ ತಳವನ್ನು ತೋರಿಸುವುದನ್ನು, ಇದು ಸರಿಯಾಗಿ ಮಾಡುವುದಿಲ್ಲ. ನೀರಿನ ಮೇಲೆ ನೇರವಾಗಿ ಬಿದ್ದ ಬೆಳಕಿನಲ್ಲಿ ನೂರಕ್ಕೆ ಸುಮಾರು 2 ಪಾಲು ಮಾತ್ರ ಪ್ರತಿಫಲಿಸುತ್ತದೆ. ದೂರದ ಗೋಡೆಯಿಂದ ಓರೆಯಾಗಿ, ನೀರಿನ ಮೇಲ್ಮೈಗೆ 10 ಡಿಗ್ರಿ ಕೋನದಲ್ಲಿ ಬಿದ್ದಾಗ ಮೂರನೆಯ ಒಂದು ಪಾಲಿಗೂ ಹೆಚ್ಚು ಬೆಳಕು ಒಳಗಿಳಿಯದೆ ಎದುರಿಗೆ ಚಿಮ್ಮುತ್ತದೆ. ಹೀಗೆ ಚಿಮ್ಮಿದ ಬೆಳಕು ಎದುರು ದಡದಲ್ಲಿ ಕುಳಿತವರ ಕಣ್ಣಿಗೆ ಹೊಡೆಯುತ್ತದೆ, ಅವರಿಗೆ ನೀರು ಹೊಳೆಯುವ ಹಾಳೆಯಾಗಿ ಕಾಣುತ್ತದೆಯೇ ಹೊರತು ಅದರ ಕೆಳಗೆ ಮುಳುಗುತ್ತಿರುವ ಮಗು ಕಾಣುವುದಿಲ್ಲ. ಮುಳುಗುವವರು ಕೂಗಿಕೊಳ್ಳುವುದು ಅಪರೂಪ. ಬಾಯಿ ನೀರಿನ ಮೇಲೆ ಉಳಿದಾಗ ಮಾತ್ರ ಕೂಗು ಸಾಧ್ಯ. ದಡದಲ್ಲಿದ್ದವರ ಕಣ್ಣೇ ಆಸರೆಯಾದ್ದರಿಂದ ತಳ ಕಾಣದ ಕೊಳಕ್ಕೆ ರಾತ್ರಿ ಯಾರೂ ಇಳಿಯಬಾರದೆಂಬುದನ್ನು ಮನೆಯ ಕಟ್ಟಳೆಯಾಗಿಯೇ ಇಟ್ಟುಕೊಳ್ಳಬೇಕು.

ನೀರಿನೊಳಗಿನ ದೀಪ ಈ ಕೊರತೆಯನ್ನು ಬುಡದಲ್ಲೇ ನೀಗಿಸುತ್ತದೆ, ಏಕೆಂದರೆ ಬೆಳಕು ಹುಟ್ಟುವುದೇ ನೀರಿನಲ್ಲಿ. ಹಿಂದೆ ಈ ಕೆಲಸಕ್ಕೆ 300 ವ್ಯಾಟಿನ ಹ್ಯಾಲೊಜೆನ್ ದೀಪಗಳನ್ನು ಬಳಸುತ್ತಿದ್ದರು. ಈಗ 15ರಿಂದ 25 ವ್ಯಾಟಿನ ಎಲ್‌ಇಡಿ ದೀಪ ಸಾಕಾಗುತ್ತದೆ. 8 ಮೀಟರ್ ಉದ್ದ, 4 ಮೀಟರ್ ಅಗಲದ ಕೊಳಕ್ಕೆ ಒಂದೇ ಉದ್ದ ಗೋಡೆಯಲ್ಲಿ ಎರಡು ದೀಪಗಳು ಸಾಕೆಂದು ನಾನು ಹೇಳುತ್ತೇನೆ. ಒಂದೇ ದೊಡ್ಡ ದೀಪ ಹಾಕಿದರೆ ಮೂಲೆಗಳು ಕತ್ತಲಾಗಿ ಉಳಿಯುತ್ತವೆ. ಅವುಗಳನ್ನು ನೀರಿನ ಮಟ್ಟದಿಂದ ಸುಮಾರು ಅರ್ಧ ಮೀಟರ್ ಕೆಳಗೆ, ಜನ ಕುಳಿತುಕೊಳ್ಳುವ ಕಡೆಯ ಗೋಡೆಯಲ್ಲಿ, ಅವರಿಗೆ ಬೆನ್ನು ಮಾಡಿ ಎದುರು ಗೋಡೆಯತ್ತ ಮುಖ ಮಾಡಿದಂತೆ ಕೂರಿಸಬೇಕು. ಹೀಗೆ ಮಾಡಿದಾಗ ದೀಪದ ಗಾಜು ಕಣ್ಣಿಗೆ ಬೀಳದೆ ಬೆಳಗಿದ ನೀರು ಮಾತ್ರ ಕಾಣುತ್ತದೆ. ಕೊಳದ ಒಳಮೈಗೆ ಕಡುನೀಲಿ ಅಥವಾ ಬೂದು ಟೈಲ್ಸ್ ಹಾಕಿಸಿದ್ದರೆ ಅದು ಬೆಳಕನ್ನು ಹೀರುವುದರಿಂದ ಮೂರನೆಯ ದೀಪ ಬೇಕಾದೀತು. ತಿಳಿನೀಲಿ ಅಥವಾ ಬಿಳಿ ಟೈಲ್ಸಿಗೆ ಬೇಕಾಗುವುದಿಲ್ಲ.

ಬಣ್ಣ ಬದಲಾಯಿಸುವ ದೀಪಗಳ ಬಗ್ಗೆ ಮಕ್ಕಳಿಗೆ ಆಸೆ ಹೆಚ್ಚು. ಅವುಗಳನ್ನು ಹಾಕಿಸುವುದಾದರೆ ಶುದ್ಧ ಬಿಳಿ ಬೆಳಕನ್ನೂ ಕೊಡುವಂಥದ್ದನ್ನೇ ಆರಿಸಿ, ಯಾರಾದರೂ ನೀರಿನಲ್ಲಿರುವಾಗ ಬಿಳಿಯನ್ನೇ ಉರಿಸಿ. ಕೆಂಪು ಬೆಳಕನ್ನು ನೀರು ಬೇಗ ಹೀರಿಕೊಳ್ಳುತ್ತದೆ, ಕಡುನೀಲಿಯಲ್ಲಿ ಮೈಬಣ್ಣ ನೀರಿನ ಬಣ್ಣದಲ್ಲಿ ಕರಗಿಹೋಗುತ್ತದೆ; ಎರಡರಲ್ಲಿಯೂ ತಳದಲ್ಲಿರುವುದನ್ನು ಗುರುತಿಸುವುದು ಕಷ್ಟ. ನೀರಿನ ಮೇಲೆ ತೇಲಿಬಿಡುವ ಬ್ಯಾಟರಿಯ ಬಣ್ಣದ ಗೋಳಗಳನ್ನು ಚಿಕ್ಕ ಮಕ್ಕಳಿರುವ ಮನೆಯಲ್ಲಿ ಬೇಡವೆನ್ನುತ್ತೇನೆ, ಏಕೆಂದರೆ ಮಗು ಅದನ್ನು ಹಿಡಿಯಲು ಅಂಚಿನಿಂದ ಬಾಗುತ್ತದೆ. ಬೆಳಗಿದ ಕೊಳವೇ ಮಕ್ಕಳನ್ನು ಸೆಳೆಯುತ್ತದೆ ಎಂಬುದನ್ನೂ ಮರೆಯಬಾರದು. ಎಂಥ ದೀಪ ಹಾಕಿಸಿದರೂ ಚಿಲಕವಿರುವ ಬೇಲಿಯ ಬದಲಿಗೆ ಅದು ನಿಲ್ಲದು.

ವಿದ್ಯುತ್ತನ್ನು ಪೂರ್ತಿ ಹೊರಗಿಟ್ಟು ಬೆಳಕನ್ನು ಮಾತ್ರ ಗಾಜಿನ ಎಳೆಗಳ ಮೂಲಕ ನೀರಿಗೆ ತರುವ ಫೈಬರ್ ಆಪ್ಟಿಕ್ ವ್ಯವಸ್ಥೆಯೂ ಇದೆ. ಸುರಕ್ಷತೆಯಲ್ಲಿ ಅದಕ್ಕೆ ಸಮನಿಲ್ಲ, ಆದರೆ ಬೆಳಕು ಮಂದ, ಖರ್ಚು ಹೆಚ್ಚು, ನಮ್ಮ ಜಿಲ್ಲೆಗಳಲ್ಲಿ ದುರಸ್ತಿ ಮಾಡುವವರನ್ನು ಹುಡುಕುವುದು ಕಷ್ಟ. ಮನೆಯ ಕೊಳಕ್ಕೆ ಅದನ್ನು ಪರಿಗಣಿಸಬೇಕಾಗಿಲ್ಲ.

ದಡದ ಬೆಳಕು: ನೆಲಮಟ್ಟ, ಮೊಣಕಾಲೆತ್ತರ, ಗೋಡೆ

ದಡದಲ್ಲಿ ಬೇಕಾಗುವ ಬೆಳಕು ನಾವು ಅಂದುಕೊಳ್ಳುವುದಕ್ಕಿಂತ ಕಡಿಮೆ. ಮೆಟ್ಟಿಲ ಎದೆಯಲ್ಲಿ ಅಥವಾ ಕಟ್ಟೆಯ ಬದಿಯಲ್ಲಿ ಹುದುಗಿಸುವ 1ರಿಂದ 3 ವ್ಯಾಟಿನ ಸ್ಟೆಪ್ ಲೈಟುಗಳು ಕೆಳಮುಖವಾಗಿ ಬೆಳಕು ಚೆಲ್ಲುತ್ತವೆ, ಒದ್ದೆ ಕಲ್ಲಿನ ಅಂಚನ್ನು ತೋರಿಸುತ್ತವೆ, ಯಾರ ಕಣ್ಣಿಗೂ ಚುಚ್ಚುವುದಿಲ್ಲ. ಆಯ್ಕೆಗಳಲ್ಲಿ ನನ್ನ ಮೊದಲ ಒಲವು ಇವುಗಳ ಕಡೆಗೆ. ಇವುಗಳ ತೊಡಕು ಒಂದೇ: ಕಲ್ಲು ಹಾಸುವ ಮೊದಲೇ ಪೈಪು, ಡಬ್ಬಿಗಳನ್ನು ಇಟ್ಟಿರಬೇಕು, ಮುಗಿದ ದಡವನ್ನು ಒಡೆದು ಕೂರಿಸುವುದು ದುಬಾರಿ.

ಮೊಣಕಾಲೆತ್ತರದ ಕಂಬದ ದೀಪಗಳಾದ ಬೊಲ್ಲಾರ್ಡುಗಳನ್ನು ಹಾದಿಯ ಬದಿಗೆ ಒಪ್ಪಬಹುದು. ಆದರೆ ಈಜುವವನ ತಲೆ ಇರುವುದು ದಡದ ಮಟ್ಟದಲ್ಲಿ ಎಂಬುದನ್ನು ವಿನ್ಯಾಸ ಮಾಡುವವರು ಮರೆಯುತ್ತಾರೆ. ನಿಂತವರಿಗೆ ಹಿತವೆನಿಸುವ ಬೊಲ್ಲಾರ್ಡ್ ನೀರಿನಲ್ಲಿರುವವರ ಕಣ್ಣಿಗೆ ನೇರವಾಗಿ ಹೊಡೆಯುತ್ತದೆ. ಬೆಳಕು ಕೆಳಕ್ಕೆ ಮಾತ್ರ ಬೀಳುವಂತೆ ಮೇಲೆ ಮುಚ್ಚಳವೋ ಸುತ್ತ ಪಟ್ಟಿಗಳೋ ಇರುವಂಥದ್ದನ್ನು ಆರಿಸಿ, ಸಾಧ್ಯವಾದರೆ 3.5 ಮೀಟರಿನ ಗೆರೆಯಾಚೆ ನಿಲ್ಲಿಸಿ. ದಡಕ್ಕೆ ನಯಗೊಳಿಸಿದ ಗ್ರಾನೈಟ್ ಹಾಸಿದ್ದರೆ ಯಾವ ದೀಪವೂ ಅದರಲ್ಲಿ ಕನ್ನಡಿಯಂತೆ ಹೊಳೆಯುತ್ತದೆ, ಒದ್ದೆಯಾದರೆ ಜಾರುತ್ತದೆ ಕೂಡ. ಉರಿಯಲ್ಲಿ ಒರಟುಗೊಳಿಸಿದ ಗ್ರಾನೈಟ್ ಅಥವಾ ಒರಟು ಶಹಾಬಾದ್ ಕಲ್ಲು ಬೆಳಕಿಗೂ ಕಾಲಿಗೂ ಒಳ್ಳೆಯದು.

ಗೋಡೆಯ ದೀಪಗಳು ಕುಳಿತುಕೊಳ್ಳುವ ಜಾಗಕ್ಕೆ, ಬಟ್ಟೆ ಬದಲಿಸುವ ಕೋಣೆಯ ಬಾಗಿಲಿಗೆ ಸಾಕು. ಬೇವಿನ ಮರ, ತೆಂಗಿನ ಮರಗಳ ಬುಡದಿಂದ ಮೇಲಕ್ಕೆ ಬೆಳಕು ಬಿಡುವುದು ಚೆಂದವೇ, ಆದರೆ ಅದಕ್ಕೆ ಕೊಳದ ಬೆಳಕಿನ ಕೆಲಸ ಮುಗಿದ ಮೇಲಿನ ಸರದಿ.

ಒಂದು ವಿಷಯದಲ್ಲಿ ಮಾತ್ರ ರಾಜಿ ಇಲ್ಲ. ಗೃಹಪ್ರವೇಶ, ಹುಟ್ಟುಹಬ್ಬ, ನಿಶ್ಚಿತಾರ್ಥಗಳಿಗೆ ಕೊಳದ ಮೇಲೆ ಈ ದಡದಿಂದ ಆ ದಡಕ್ಕೆ ಸೀರಿಯಲ್ ಸೆಟ್ ಕಟ್ಟಿಸುವ ಅಭ್ಯಾಸ ಬೆಳೆದಿದೆ. ಬಾಡಿಗೆಗೆ ಬರುವ ಆ ಸರಗಳು ಬಹುಪಾಲು 230 ವೋಲ್ಟಿನವು, ಅವುಗಳ ಜೋಡಣೆಗಳಿಗೆ ಟೇಪು ಸುತ್ತಿರುತ್ತದೆ, ಶಾಮಿಯಾನದ ಕಬ್ಬಿಣದ ಕಂಬಕ್ಕೆ ತಾಗಿ ಹಾದಿರುತ್ತವೆ, ಸಾಲದ್ದಕ್ಕೆ ಜನರೇಟರಿನಿಂದ ಬರುವ ಆ ವಿದ್ಯುತ್ತಿಗೆ ಮನೆಯ ಆರ್‌ಸಿಸಿಬಿಯ ಕಾವಲೂ ಇರುವುದಿಲ್ಲ. ಒಂದು ಗಾಳಿಗೆ ಸರ ನೀರಿಗೆ ಬಿದ್ದರೆ ಆಗುವ ಅನಾಹುತಕ್ಕೆ ಪರಿಹಾರವೇ ಇಲ್ಲ. ಸರದೀಪ ಬೇಕೇಬೇಕೆನ್ನುವವರು ಬ್ಯಾಟರಿಯ ಅಥವಾ 24 ವೋಲ್ಟ್ ಡಿಸಿಯ ಸರಗಳನ್ನು ಬಳಸಲಿ, ಅವನ್ನೂ ನೀರಿನ ಮೇಲೆ ಹಾಯಿಸದೆ ಹೊರಗಿನ ಮರಗಳ ನಡುವೆ ಕಟ್ಟಲಿ.

ಹುಳುಗಳ ಲೆಕ್ಕ

ಬೇರೆ ಊರಿನ ಮಾರ್ಗದರ್ಶಿಗಳಲ್ಲಿ ಒಂದು ಸಾಲಿನಲ್ಲಿ ಮುಗಿಯುವ ಈ ವಿಷಯ ನಮ್ಮಲ್ಲಿ ದೀಪದ ಆಯ್ಕೆಯನ್ನೇ ತಿರುಗಿಸಬಲ್ಲದು. ತುಂಗಭದ್ರಾ ಎಡದಂಡೆ ಕಾಲುವೆಯ ನೀರುಣ್ಣುವ ಗಂಗಾವತಿ, ಸಿಂಧನೂರು, ಮಾನ್ವಿಯ ಬಯಲಲ್ಲಿ, ಬಲದಂಡೆಯ ಸಿರುಗುಪ್ಪ ಭಾಗದಲ್ಲಿ ಮುಂಗಾರಿನ ಭತ್ತ ತೆನೆಗೆ ಬರುವ ತಿಂಗಳುಗಳಲ್ಲಿ ಬೀದಿದೀಪದ ಕೆಳಗೆ ಹುಳುಗಳು ಹೇಗೆ ಮುತ್ತುತ್ತವೆ ಎಂಬುದು ಎಲ್ಲರಿಗೂ ಗೊತ್ತು. ಭತ್ತದ ಕಂದು ಜಿಗಿಹುಳು, ಹಸಿರು ಜಿಗಿಹುಳುಗಳು ಬೆಳಕಿಗೆ ಬರುತ್ತವೆ. ರೈತರು ಹೊಲದಲ್ಲಿ ಬೆಳಕಿನ ಬಲೆ ಇಟ್ಟು ಅವುಗಳ ಸಂಖ್ಯೆಯನ್ನು ಅಂದಾಜಿಸುವುದೂ ಇದೇ ಗುಣದಿಂದ. ಮೊದಲ ಮಳೆಯ ಬಳಿಕ ಏಳುವ ರೆಕ್ಕೆಯ ಗೆದ್ದಲುಗಳದ್ದು ಇನ್ನೊಂದು ಹಾವಳಿ. ಗದ್ದೆಯ ನಡುವಿನ ತೋಟದ ಮನೆಯಲ್ಲಿ ಕೊಳದ ಮೇಲೆ ಬೆಳ್ಳಗಿನ ಫೋಕಸ್ ಲೈಟ್ ಉರಿಸಿದರೆ ಒಂದೇ ರಾತ್ರಿಯಲ್ಲಿ ನೀರಿನ ಮೇಲೆ ಹುಳುಗಳ ಪದರ ಕಟ್ಟಿ, ಬೆಳಿಗ್ಗೆ ನೀರಿನ ಮೇಲಿನ ಕಸ ಹಿಡಿಯುವ ಸ್ಕಿಮ್ಮರಿನ ಬುಟ್ಟಿ ತುಂಬಿರುತ್ತದೆ, ಅವು ಕೊಳೆತಷ್ಟೂ ನೀರಿನ ಕ್ಲೋರಿನ್ ಖರ್ಚಾಗುತ್ತದೆ.

ಹುಳುಗಳ ಕಣ್ಣು ಅತಿನೇರಳೆ, ನೀಲಿ, ಹಸಿರು ಬೆಳಕಿಗೆ ಹೆಚ್ಚು ಸ್ಪಂದಿಸುತ್ತದೆ. ಎಲ್‌ಇಡಿ ದೀಪಗಳಲ್ಲಿ ಅತಿನೇರಳೆ ತೀರ ಕಡಿಮೆ, ಆದರೆ 6500 ಕೆಲ್ವಿನ್ನಿನ ಬಿಳಿ ದೀಪದಲ್ಲಿ ನೀಲಿಯ ಪಾಲು ಸಾಕಷ್ಟಿರುತ್ತದೆ (ಕೆಲ್ವಿನ್ ಎಂದರೆ ಬೆಳಕಿನ ಛಾಯೆಯ ಅಳತೆ; ಸಂಖ್ಯೆ ಇಳಿದಷ್ಟೂ ಬೆಳಕು ಹಳದಿ). ಆದ್ದರಿಂದ ದಡದ ದೀಪಗಳೆಲ್ಲ 2700ರಿಂದ 3000 ಕೆಲ್ವಿನ್ನಿನ ಹಳದಿ ಛಾಯೆಯವಾಗಿರಲಿ; ಗದ್ದೆಗೆ ಅಂಟಿದ ಮನೆಗಳಲ್ಲಿ ಅದಕ್ಕಿಂತ ಹಳದಿಯಾದ ಆ್ಯಂಬರ್ ದೀಪಗಳು ಇನ್ನೂ ಒಳ್ಳೆಯವು. ಇದರಿಂದ ಹುಳುಗಳು ನಿಲ್ಲುವುದಿಲ್ಲ, ಕಡಿಮೆಯಾಗುತ್ತವೆ. ನೀರಿನೊಳಗಿನ ದೀಪಕ್ಕೆ ಮಾತ್ರ 4000 ಕೆಲ್ವಿನ್ನಿನ ಬಿಳಿಯನ್ನು ಇಟ್ಟುಕೊಂಡು, ಈಜು ಮುಗಿದ ಕೂಡಲೇ ಆರಿಸುವಂತೆ ಅದಕ್ಕೆ ಬೇರೆಯೇ ಸ್ವಿಚ್ಚು ಕೊಡಬೇಕು. ಕೊಳದಿಂದ ಸಾಕಷ್ಟು ದೂರದಲ್ಲಿ, ಗೇಟಿನ ಬಳಿಯೋ ದನದ ಕೊಟ್ಟಿಗೆಯ ಆಚೆಯೋ ಒಂದು ಬಿಳಿ ದೀಪ ಉರಿಸಿದರೆ ಹುಳುಗಳ ಒಂದು ಪಾಲು ಅತ್ತ ತಿರುಗುತ್ತದೆ. ದೀಪಗಳನ್ನು ತಗ್ಗಿನಲ್ಲಿಟ್ಟು ಮೇಲಕ್ಕೂ ಹೊರಕ್ಕೂ ಬೆಳಕು ಸೋರದಂತೆ ನೋಡಿಕೊಳ್ಳುವುದು ಎಲ್ಲಕ್ಕಿಂತ ಪರಿಣಾಮಕಾರಿ, ಏಕೆಂದರೆ ಗದ್ದೆಗೆ ಕಾಣದ ದೀಪ ಗದ್ದೆಯ ಹುಳುವನ್ನು ಕರೆಯುವುದಿಲ್ಲ. ಬಳ್ಳಾರಿ ನಗರದ ಒಳಗಿನ ಮನೆಗಳಿಗೆ ಇಷ್ಟು ಎಚ್ಚರ ಬೇಕಾಗದು. ಅಲ್ಲಿ ಹಳದಿ ಬೆಳಕು ಕಣ್ಣಿಗೆ ಹಿತವೆಂಬ ಕಾರಣವೊಂದೇ ಸಾಕು.

ಸೌರದೀಪ, 12 ವೋಲ್ಟ್, 230 ವೋಲ್ಟ್

ಬಿಸಿಲಿಗೆ ಬರವಿಲ್ಲದ ಸೀಮೆಯಲ್ಲಿ ಸೌರದೀಪವೇ ಸಹಜವಾದ ಆಯ್ಕೆ ಎಂದು ಎಲ್ಲರಿಗೂ ಅನಿಸುತ್ತದೆ, ಆದರೆ ಬಿಸಿಲು ಮತ್ತು ಬಿಸಿ ಎರಡೂ ಒಂದೇ ಅಲ್ಲ. ಸೌರಫಲಕದ ಮೇಲೆ ಬರೆದಿರುವ ವ್ಯಾಟ್ ಅದರ ಉಷ್ಣತೆ 25 ಡಿಗ್ರಿ ಇದ್ದಾಗಿನ ಲೆಕ್ಕ; ಅದಕ್ಕಿಂತ ಒಂದೊಂದು ಡಿಗ್ರಿ ಏರಿದಂತೆ ಶೇಕಡಾ 0.3ರಿಂದ 0.4ರಷ್ಟು ಉತ್ಪಾದನೆ ಇಳಿಯುತ್ತದೆ. ಮೇ ತಿಂಗಳ ಮಧ್ಯಾಹ್ನ ಫಲಕದ ಮೈ 65 ಡಿಗ್ರಿ ಮುಟ್ಟಿದರೆ ನೂರರಲ್ಲಿ ಹನ್ನೆರಡರಿಂದ ಹದಿನಾರು ಪಾಲು ಹೀಗೆಯೇ ಹೋಗುತ್ತದೆ. ಅದಕ್ಕಿಂತ ದೊಡ್ಡ ತೊಂದರೆ ಬ್ಯಾಟರಿಯದು: ನೆಲಕ್ಕೆ ಚುಚ್ಚುವ ಸಣ್ಣ ಸೌರದೀಪಗಳಲ್ಲಿ ಬ್ಯಾಟರಿ ಫಲಕದ ಕೆಳಗೇ ಮುಚ್ಚಿದ ಡಬ್ಬಿಯಲ್ಲಿ ಬೇಯುತ್ತದೆ, ಹಾಗೆ ಬೆಂದ ಬ್ಯಾಟರಿಯ ಆಯುಸ್ಸು ಬೇಗ ಕುಗ್ಗುತ್ತದೆ. ಸಂಡೂರು ಕಡೆಯ ಅದಿರಿನ ಕೆಂಪು ಧೂಳು, ಗಂಗಾವತಿ ಮತ್ತು ರಾಯಚೂರಿನ ಅಕ್ಕಿ ಗಿರಣಿಗಳ ಹೊಟ್ಟಿನ ಬೂದಿ, ಶಕ್ತಿನಗರ ಮತ್ತು ಕುಡತಿನಿಯ ಉಷ್ಣ ವಿದ್ಯುತ್ ಸ್ಥಾವರಗಳ ಸುತ್ತಲಿನ ಹಾರುಬೂದಿ ಫಲಕದ ಮೇಲೆ ಕೂತರೆ ವಾರಕ್ಕೊಮ್ಮೆಯಾದರೂ ಒರೆಸಬೇಕು. ಹಾಗೆಂದು ಸೌರದೀಪವನ್ನು ತಳ್ಳಿಹಾಕುವಂತಿಲ್ಲ. ಒಳಗೆ 3.2 ಅಥವಾ 3.7 ವೋಲ್ಟಿನ ಒಂದು ಕೋಶ ಮಾತ್ರ ಇರುವ ಸಣ್ಣ ದೀಪಗಳಿಂದ ಆಘಾತದ ಭಯವಿಲ್ಲ, ನೆಲ ಅಗೆಯಬೇಕಾಗಿಲ್ಲ. ಬೇಲಿಯ ಉದ್ದಕ್ಕೂ, ಗೇಟಿನಿಂದ ಬರುವ ಹಾದಿಗೂ ಅವು ಯೋಗ್ಯ. ನೀರಿನ ಅಂಚನ್ನು ತೋರಿಸುವ ಹೊಣೆಯನ್ನು ಅವಕ್ಕೆ ಒಪ್ಪಿಸಬಾರದು, ಏಕೆಂದರೆ ಮೋಡ ಕವಿದ ಜುಲೈ ದಿನಗಳಲ್ಲಿ ರಾತ್ರಿ ಒಂಬತ್ತಕ್ಕೇ ಅವು ಮಂಕಾಗಬಹುದು.

ಕರೆಂಟಿನ ಬಿಲ್ಲು ಉಳಿಸಲು ಸೌರದೀಪ ಎಂಬ ವಾದವನ್ನು ಲೆಕ್ಕ ಹಾಕಿ ನೋಡಬೇಕು. ನೀರಿನೊಳಗೆ ಎರಡು, ದಡದಲ್ಲಿ ಎಂಟು ದೀಪಗಳು ಸೇರಿ 60 ವ್ಯಾಟ್ ಎಂದಿಟ್ಟುಕೊಂಡರೆ, ದಿನಕ್ಕೆ 4 ಗಂಟೆ ಉರಿಸಿದಾಗ ತಿಂಗಳಿಗೆ ಖರ್ಚಾಗುವುದು 7 ಯೂನಿಟ್ ಚಿಲ್ಲರೆ. ಕೊಳದ ಪಂಪು ಕೆಲವೇ ದಿನಗಳಲ್ಲಿ ಅದನ್ನು ಮೀರಿಸುತ್ತದೆ. ಉಳಿತಾಯ ಇಲ್ಲಿ ನಿರ್ಣಾಯಕವೇ ಅಲ್ಲ.

12 ವೋಲ್ಟಿನ ತಂತಿಯ ವ್ಯವಸ್ಥೆ ನನ್ನ ಆಯ್ಕೆ. ಅದರ ದೊಡ್ಡ ದೌರ್ಬಲ್ಯವನ್ನೂ ತಿಳಿದಿರಬೇಕು. ಒತ್ತಡ ಕಡಿಮೆಯಾದಷ್ಟೂ ಕರೆಂಟು ಹೆಚ್ಚಾಗುವುದರಿಂದ ತಂತಿಯ ಉದ್ದಕ್ಕೂ ವೋಲ್ಟೇಜ್ ಕರಗುತ್ತದೆ. ಮೇಲಿನ 60 ವ್ಯಾಟಿಗೆ 12 ವೋಲ್ಟಿನಲ್ಲಿ 5 ಆಂಪಿಯರ್ ಹರಿಯುತ್ತದೆ. 30 ಮೀಟರ್ ದೂರಕ್ಕೆ 1.5 ಚದರ ಮಿಲಿಮೀಟರಿನ ತಾಮ್ರದ ತಂತಿ ಎಳೆದರೆ ಸುಮಾರು 3.6 ವೋಲ್ಟ್ ದಾರಿಯಲ್ಲೇ ಹೋಗಿ, ತುದಿಯ ದೀಪಕ್ಕೆ 8.4 ವೋಲ್ಟ್ ಮಾತ್ರ ಉಳಿಯುತ್ತದೆ. 4 ಚದರ ಮಿಲಿಮೀಟರಿನ ತಂತಿಯಲ್ಲಿ ನಷ್ಟ 1.4 ವೋಲ್ಟಿಗೆ ಇಳಿಯುತ್ತದೆ. ಟ್ರಾನ್ಸ್‌ಫಾರ್ಮರನ್ನು 10 ಮೀಟರ್ ದೂರದ ಪಂಪ್ ರೂಮಿನಲ್ಲಿಟ್ಟರೆ 2.5 ಚದರ ಮಿಲಿಮೀಟರಿನ ತಂತಿಯೇ ಸಾಕು, ನಷ್ಟ ಮುಕ್ಕಾಲು ವೋಲ್ಟಿನಷ್ಟು. ದಡದ ದೀಪಗಳಿಗೆ 24 ವೋಲ್ಟ್ ಡಿಸಿ ಆರಿಸಿಕೊಂಡರೆ ಕರೆಂಟು ಅರ್ಧವಾಗುವುದರಿಂದ ಈ ಚಿಂತೆ ಇನ್ನಷ್ಟು ತಗ್ಗುತ್ತದೆ. ಎಲೆಕ್ಟ್ರಿಷಿಯನ್ 230 ವೋಲ್ಟಿನ ರೂಢಿಯಲ್ಲಿ ತೆಳು ತಂತಿ ಎಳೆದು, ದೀಪ ಮಂಕಾಗಿದ್ದಕ್ಕೆ ದೀಪವನ್ನೇ ದೂರುವುದು ಸಾಮಾನ್ಯ. ಈ ಲೆಕ್ಕವನ್ನು ಮೊದಲೇ ಮುಂದಿಟ್ಟು ಮಾತನಾಡಿ.

230 ವೋಲ್ಟಿನ ದೀಪಗಳನ್ನು 3.5 ಮೀಟರಿನಾಚೆಗೆ, ದೊಡ್ಡ ತೋಟದ ದೂರದ ಕಂಬಗಳಿಗೆ, ಮರಗಳಿಗೆ ಬಳಸಲು ಅಡ್ಡಿಯಿಲ್ಲ. ಅಲ್ಲಿ ಅದೇ ಸರಿಯಾದ ಆಯ್ಕೆ ಕೂಡ.

ಕರೆಂಟು ಹೋದಾಗಿನ ವ್ಯವಸ್ಥೆಯೂ ಈ ಆಯ್ಕೆಯ ಭಾಗವೇ. ಜೆಸ್ಕಾಂ ಪೂರೈಕೆ ನಿಂತ ಗಳಿಗೆಯಲ್ಲಿ ನೀರಿನಲ್ಲಿ ಮಕ್ಕಳಿದ್ದರೆ ಜನರೇಟರ್ ಹೊತ್ತಿಸುವವರೆಗೆ ಕಾಯುವಂತಿಲ್ಲ. ನೀರಿನೊಳಗಿನ ದೀಪಗಳೂ ಮೆಟ್ಟಿಲ ದೀಪಗಳೂ ಮನೆಯ ಇನ್ವರ್ಟರಿನ ಲೈನಿನಲ್ಲಿರಬೇಕು. ಸ್ಕ್ವೇರ್ ವೇವ್ ಇನ್ವರ್ಟರಿನಲ್ಲಿ ಸುರುಳಿಯ ಟ್ರಾನ್ಸ್‌ಫಾರ್ಮರ್ ಗುಂಯ್‌ಗುಟ್ಟಿ ಬಿಸಿಯಾಗುವುದರಿಂದ ಸೈನ್ ವೇವ್ ಇನ್ವರ್ಟರೇ ಇರಲಿ. ಮುಂಗಾರಿಗೆ ಮುನ್ನ ಬೀಳುವ ಸಿಡಿಲುಗಳಿಂದ ಎಲ್‌ಇಡಿಗೆ ಕರೆಂಟು ಒದಗಿಸುವ ಡ್ರೈವರುಗಳು ಸುಡದಂತೆ, ಹಠಾತ್ತನೆ ಏರುವ ವೋಲ್ಟೇಜನ್ನು ತಡೆಯುವ ಸರ್ಜ್ ರಕ್ಷಕವನ್ನು ಬೋರ್ಡಿನಲ್ಲಿ ಹಾಕಿಸಿ. ಗುಡುಗು ಕೇಳಿದ ಮೇಲೆ ಕೊಳದಲ್ಲಿ ಯಾರೂ ಇರಬಾರದೆಂಬುದನ್ನು ಬೇರೆಯಾಗಿ ಹೇಳಬೇಕಾಗಿಲ್ಲ.

ಮಣ್ಣು, ನೀರು, ಲೋಹ

ಸಿಂಧನೂರು, ಸಿರುಗುಪ್ಪ, ರಾಯಚೂರಿನ ಎರೆಭೂಮಿ ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುತ್ತದೆ. ಅಲ್ಲಿ ನೆಲದ ಮೇಲ್ಪದರದಲ್ಲಿ ಊರಿದ ಬೊಲ್ಲಾರ್ಡುಗಳು ಒಂದೆರಡು ವರ್ಷದಲ್ಲಿ ವಾಲುತ್ತವೆ, ಬಿಗಿಯಾಗಿ ಎಳೆದ ಪೈಪುಗಳು ಜೋಡಣೆಯಲ್ಲಿ ಬಾಯಿಬಿಟ್ಟು ನೀರು ಕುಡಿಯುತ್ತವೆ. ಕಂಬದ ಕಾಂಕ್ರೀಟ್ ಬುಡವನ್ನು ಬಿರುಕಿನ ಪದರಕ್ಕಿಂತ ಕೆಳಗಿಳಿಸಿ, ಕೇಬಲ್ಲನ್ನು ಸುತ್ತಲೂ ಮರಳು ತುಂಬಿದ ಕಾಲುವೆಯಲ್ಲಿ ಸ್ವಲ್ಪ ಸಡಿಲವಾಗಿ ಬಿಡಬೇಕು. ಹೆಗ್ಗಣಗಳ ಕಾಟವಿರುವ ಕಡೆ, ಅಂದರೆ ಹೆಚ್ಚುಕಡಿಮೆ ಎಲ್ಲ ಕಡೆ, ಲೋಹದ ಕವಚವಿರುವ ಆರ್ಮರ್ಡ್ ಕೇಬಲ್ ಬೇಕು. ಮಸಾರಿ ನೆಲದಲ್ಲಿ ಈ ಉಬ್ಬರದ ಕಾಟವಿಲ್ಲ. ಆದರೆ ಕೊಪ್ಪಳದ ಬಂಡೆಗಲ್ಲಿನ ಜಾಗಗಳಲ್ಲಿ ಒಳ್ಳೆಯ ಅರ್ಥಿಂಗ್ ಸಿಗುವುದು ಕಷ್ಟ, ಒಣಗಿದ ಎರೆಯಲ್ಲಿಯೂ ಬೇಸಿಗೆಯಲ್ಲಿ ಅದು ದುರ್ಬಲವಾಗುತ್ತದೆ. ಅರ್ಥಿಂಗಿಗೆ ಸಂಬಂಧಿಸಿದ ಭಾರತೀಯ ಮಾನಕ ಐಎಸ್ 3043ನ್ನು ಅನುಸರಿಸುವ, ಪರವಾನಗಿ ಇರುವ ಗುತ್ತಿಗೆದಾರರಿಂದಲೇ ಕೆಲಸ ಮಾಡಿಸಿ, ಅರ್ಥಿಂಗ್ ಗುಂಡಿಯ ವಿದ್ಯುತ್ ರೋಧವನ್ನು ಮೇ ತಿಂಗಳಲ್ಲಿ ಒಮ್ಮೆ ಅಳೆಸಿ. ಏಣಿಯ ಹಿಡಿಕೆ, ದೀಪದ ಲೋಹದ ಗೂಡು, ಪಂಪಿನ ಮೈ, ಕೊಳದ ಕಾಂಕ್ರೀಟಿನ ಕಂಬಿ ಇವೆಲ್ಲವನ್ನೂ ತಾಮ್ರದ ತಂತಿಯಿಂದ ಒಂದಕ್ಕೊಂದು ಬೆಸೆಯುವ ಬಾಂಡಿಂಗ್ ಕೆಲಸವನ್ನು ಕಾಂಕ್ರೀಟ್ ಸುರಿಯುವ ಮೊದಲೇ ಮಾಡಬೇಕಾದ್ದರಿಂದ ಅದನ್ನು ಕಟ್ಟಡದ ಮೇಸ್ತ್ರಿಗೂ ತಿಳಿಸಿರಬೇಕು. ಎರಡು ಲೋಹಗಳ ನಡುವೆ ವೋಲ್ಟೇಜಿನ ವ್ಯತ್ಯಾಸವೇ ಹುಟ್ಟದಂತೆ ಮಾಡುವುದು ಅದರ ಉದ್ದೇಶ. ಒಂದು ಕೈ ಏಣಿಯ ಮೇಲೆ, ಮೈ ನೀರಿನಲ್ಲಿ ಇರುವವರನ್ನು ಕಾಪಾಡುವುದು ಅದೇ.

ದೀಪದ ಮೇಲಿನ ಐಪಿ ಸಂಖ್ಯೆಯ ಮೊದಲ ಅಂಕಿ ಧೂಳಿಗೆ, ಎರಡನೆಯದು ನೀರಿಗೆ. ನೀರಿನೊಳಗೆ ಐಪಿ 68 ಮಾತ್ರ, ಅದೂ ಕೊಳದ ಆಳಕ್ಕೆ ಹೊಂದುವಂತೆ ತಯಾರಕರು ನಮೂದಿಸಿದ್ದು. ಐಪಿ 67 ಎಂದರೆ 1 ಮೀಟರ್ ನೀರಿನಲ್ಲಿ 30 ನಿಮಿಷ ತಡೆಯುವಂಥದ್ದು. ಅದು ನೆಲದಲ್ಲಿ ಹುದುಗಿಸುವ ದೀಪಕ್ಕೆ ಸಾಕು, ಮುಳುಗಿಯೇ ಇರುವ ದೀಪಕ್ಕೆ ಸಾಲದು. ಗೋಡೆಯ ದೀಪಕ್ಕೆ ಐಪಿ 65. ಮೊದಲ ಅಂಕಿ 6ಕ್ಕಿಂತ ಕಡಿಮೆಯಿರುವ ಯಾವ ದೀಪವೂ ನಮ್ಮ ಧೂಳಿನಲ್ಲಿ ಬಹಳ ದಿನ ಬಾಳದು.

ಲೋಹದ ವಿಷಯದಲ್ಲಿ ಸ್ಟೇನ್‌ಲೆಸ್ ಸ್ಟೀಲ್ ಎಂದರೆ ಸಾಲದು, ದರ್ಜೆ ಕೇಳಬೇಕು. ಮಾಲಿಬ್ಡಿನಂ ಬೆರೆತ 316 ದರ್ಜೆ ಕ್ಲೋರಿನ್ ಹಾಕಿದ ನೀರಿನ ಕ್ಲೋರೈಡನ್ನು 304ಕ್ಕಿಂತ ಚೆನ್ನಾಗಿ ತಾಳಿಕೊಳ್ಳುತ್ತದೆ. ಬೋರ್‌ವೆಲ್ಲಿನ ಗಡಸು ನೀರು ತುಂಬುವ ಮನೆಗಳಲ್ಲಿ ದೀಪದ ಗಾಜಿನ ಮೇಲೆ ಬಿಳಿಯ ಸುಣ್ಣದ ಪೊರೆ ಕಟ್ಟಿ ಬೆಳಕು ಕುಗ್ಗುತ್ತದೆ. ಆದ್ದರಿಂದ ದೀಪವನ್ನು ಗೂಡಿನಿಂದ ಬಿಚ್ಚಿ ದಡದ ಮೇಲೆ ತಂದು ಒರೆಸುವಷ್ಟು ಉದ್ದದ ಕೇಬಲ್ ಗೂಡಿನೊಳಗೆ ಸುತ್ತಿಟ್ಟಿರಬೇಕು. ಇಷ್ಟು ಸಣ್ಣ ಮುನ್ನೆಚ್ಚರಿಕೆ ಇಲ್ಲದೆ ಕೇವಲ ದೀಪ ಒರೆಸಲು ಕೊಳವನ್ನೇ ಖಾಲಿ ಮಾಡುವುದು ನೀರಿನ ಬೆಲೆ ಗೊತ್ತಿರುವ ನಮ್ಮ ಜಿಲ್ಲೆಗಳಲ್ಲಿ ಸರಿಯಲ್ಲ.

ಈಗಾಗಲೇ ಕಟ್ಟಿ ಮುಗಿಸಿದ ಕೊಳವಿದ್ದರೆ

ಗೋಡೆಯಲ್ಲಿ ಗೂಡು ಇಲ್ಲದ ಹಳೆಯ ಕೊಳಕ್ಕೆ ರಂಧ್ರ ಕೊರೆಯುವುದು ಸೋರಿಕೆಗೆ ದಾರಿ. ಅಂಥ ಕಡೆ ಗೋಡೆಯ ಮೇಲ್ಮೈಗೆ ಕೂರಿಸುವ, ರಾಳ ತುಂಬಿದ ತೆಳು ಎಲ್‌ಇಡಿ ದೀಪಗಳನ್ನು ಆರಿಸಬಹುದು. ನೀರು ತುಂಬುವ ಪೈಪಿನ ಬಾಯಿಗೆ ಜೋಡಿಸುವ ಸಣ್ಣ ದೀಪಗಳೂ ಸಿಗುತ್ತವೆ. ಕೇಬಲ್ಲನ್ನು ಅಂಚಿನ ಕಲ್ಲಿನ ಸಂದಿಯಲ್ಲಿ ಪೈಪಿನೊಳಗೆ ಮೇಲೆ ತಂದು, ನೀರಿನ ಮಟ್ಟಕ್ಕಿಂತ ಎತ್ತರದ ಜಂಕ್ಷನ್ ಬಾಕ್ಸಿನಲ್ಲಿ ನೀರು ಒಳಹೋಗದಂತೆ ಕೇಬಲ್ಲಿನ ಸುತ್ತ ಬಿಗಿಯುವ ಗ್ಲಾಂಡ್ ಹಾಕಿ ಜೋಡಿಸಬೇಕು. ನೀರಿನೊಳಗೆ ಯಾವ ಜಾಯಿಂಟೂ ಇರಬಾರದು. ದಡವನ್ನು ಒಡೆಯಲು ಮನಸ್ಸಿಲ್ಲದವರು ಕಟ್ಟೆಯ ಅಂಚಿನ ಕೆಳಗೆ 24 ವೋಲ್ಟಿನ ಐಪಿ 67 ಪಟ್ಟಿದೀಪವನ್ನು ಅಲ್ಯೂಮಿನಿಯಂ ಚಾನಲ್ಲಿನಲ್ಲಿ ಅಡಗಿಸಬಹುದು. ಹಳೆಯ ಕೊಳದಲ್ಲಿ ಕಂಬಿಗಳ ಬಾಂಡಿಂಗ್ ಆಗಿದೆಯೋ ಇಲ್ಲವೋ ಎಂಬುದನ್ನು ಪರೀಕ್ಷಿಸುವವರೆಗೆ 230 ವೋಲ್ಟಿನ ಯಾವ ಹೊಸ ದೀಪವನ್ನೂ 3.5 ಮೀಟರಿನ ಗೆರೆಯೊಳಗೆ ತರಬೇಡಿ.

ಹಳೆಯದಿರಲಿ ಹೊಸದಿರಲಿ, ದೀಪಗಳನ್ನು ಕಾಯಂ ಆಗಿ ಕೂರಿಸುವ ಮುನ್ನ ಒಂದು ಅಮಾವಾಸ್ಯೆಯ ಆಸುಪಾಸಿನ ರಾತ್ರಿ ಬ್ಯಾಟರಿಯ ಟಾರ್ಚುಗಳನ್ನು ಆಯಾ ಜಾಗಗಳಲ್ಲಿ, ಆಯಾ ಎತ್ತರದಲ್ಲಿ ಇಟ್ಟು ಕೊಳದ ಸುತ್ತ ಒಮ್ಮೆ ನಡೆದು, ದಡದಲ್ಲೇ ಕುಳಿತು ಕಣ್ಣನ್ನು ಅಂಚಿನ ಮಟ್ಟಕ್ಕೆ ತಗ್ಗಿಸಿ ಸುತ್ತ ನೋಡಿ. ಕಣ್ಣಿಗೆ ಚುಚ್ಚುವ ಜಾಗಗಳು ಆಗಲೇ ಗೊತ್ತಾಗುತ್ತವೆ. ನೀರಿನೊಳಗಿನ ದೀಪಗಳು ಬಂದ ಮೇಲೆ ಅಂಗೈಯಗಲದ ಕಪ್ಪು ಟೈಲ್ಸ್ ತುಂಡೊಂದನ್ನು ಕೊಳದ ಅತಿ ಆಳದ ಮೂಲೆಯಲ್ಲಿ ಇಟ್ಟು, ಮಕ್ಕಳು ಈಜುವಾಗ ನೀವು ಸಾಮಾನ್ಯವಾಗಿ ಕೂರುವ ಕುರ್ಚಿಯಿಂದ ನೋಡಿ. ಅದು ಕಾಣದಿದ್ದರೆ ಗುತ್ತಿಗೆದಾರರಿಗೆ ಕೊನೆಯ ಕಂತು ಕೊಡುವ ಮೊದಲು ದೀಪದ ದಿಕ್ಕನ್ನೋ ಸಂಖ್ಯೆಯನ್ನೋ ಬದಲಾಯಿಸಿಕೊಳ್ಳಿ. ಆರ್‌ಸಿಸಿಬಿಯ ಪರೀಕ್ಷಾ ಗುಂಡಿಯನ್ನೂ ಅವರ ಎದುರಿಗೇ ಒತ್ತಿ, ಬೀಳುತ್ತದೆಯೇ ಎಂದು ನೋಡಿ, ಮುಂದೆ ತಿಂಗಳಿಗೊಮ್ಮೆ ಅದನ್ನು ಒತ್ತುವ ಹೊಣೆಯನ್ನು ಮನೆಯ ಒಬ್ಬರಿಗೆ ಹೆಸರು ಹಿಡಿದು ಒಪ್ಪಿಸಿ.